ಲವೀನಾಳ ಕೊಳದ ಸರದಿ

ಜನವರಿಯ ಚಳಿ ಕಚ್ಚಿ ಹಿಡಿದಿತ್ತು. ಬೆಳಕು ಹರಿಯುವ ಮೊದಲೇ ಕಾಲೇಜಿನ ಹುಡುಗರು ಲವೀನಾ ಪೆಟಿಂಗಿಲ್ಲಳ ಕೊಳಕ್ಕಿಳಿದು ಹಲಗೆಗಳಿಂದ ಹಿಮ ನೂಕುತ್ತಿದ್ದರು. ಹಿಮವೆಂದರೆ ಕೊಳಕ್ಕೆ ಕಂಬಳಿ. ಹೊದಿಸಿಯೇ ಬಿಟ್ಟರೆ ಕೆಳಗಿನ ಮಂಜುಗಡ್ಡೆ ಬಲಿಯುವುದಿಲ್ಲ. ಹುಡುಗರಿಗೆ ಐಸ್ ಹಾಕಿ ಆಟ ಆಡಲು ನುಣುಪು ಗಡ್ಡೆ ಬೇಕು. ವಿಧವೆ ಲವೀನಾಳಿಗೆ ಮರದ ಹೊಟ್ಟಿನಲ್ಲಿ ಹೂತಿಟ್ಟು ಬೇಸಿಗೆಯಲ್ಲಿ ಕೆನೆ ಕೆಡದಂತೆ ಕಾಯಲು ದಪ್ಪ ಗಡ್ಡೆ ಬೇಕು. ಹಾಗಾಗಿ ಚಳಿಗಾಲದ ಮೊದಲಿನಿಂದಲೂ ಮುಯ್ಯಿ ನಡೆದಿತ್ತು: ಅವರು ಹಿಮ ಎತ್ತುವುದು, ಅವಳು ಕೊಳ ಬಿಟ್ಟುಕೊಡುವುದು.

ಗಡ್ಡೆ ಕೊಯ್ಯುವುದಕ್ಕೂ ಅಮೆರಿಕದ ಮೇನ್ ಸೀಮೆಯ ಆ ಊರಲ್ಲಿ ಮುಯ್ಯಾಳೇ. ಎಲ್ಲರ ಕುದುರೆ, ಎಲ್ಲರ ಗರಗಸ ಒಟ್ಟಾಗಿ ಒಂದೊಂದೇ ಕೊಳಕ್ಕೆ ಹೋಗಬೇಕು. ಸರದಿ ಬಿಟ್ಟವರು ಕೊನೆಗೆ. ಲವೀನಾಳ ಸರದಿ ಆ ವಾರವೇ ಬಂದಿತ್ತು. ಆದರೆ ಹುಡುಗರ ಹಾಕಿ ತಂಡದ ನಾಯಕ ಆರಿನ್ ಹ್ಯಾಸ್ಕೆಲ್ ಅವಳ ಅಡುಗೆಮನೆಗೆ ಬಂದು, ಶನಿವಾರದ ಪಂದ್ಯ ಮುಗಿಯುವ ತನಕ ಕೊಳ ಮುಟ್ಟಬೇಡಿರೆಂದು ಕೇಳಿಕೊಂಡಿದ್ದ. ಅವಳು ಮಾತು ಕೊಟ್ಟು, ಸರದಿಯನ್ನು ಪಕ್ಕದ ಹೊಲದವರಿಗೆ ಬಿಟ್ಟಿದ್ದಳು.

ಗುರುವಾರ ಮಧ್ಯಾಹ್ನ ಗಾಳಿ ತಿರುಗಿತು. ಮೈದುನ ಈಬನ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮೂಗೆತ್ತಿ ಗಾಳಿ ಮೂಸಿದ.

"ಅತ್ತಿಗೆ, ಇದು ದಕ್ಷಿಣದ ಗಾಳಿ. ಮಳೆ ಬಂದೇ ಬರತ್ತೆ. ನಾಳೆ ನಿಮ್ಮಲ್ಲಿಗೇ ಬರ್ತೀವಿ ಅಂತ ಗರಗಸದೋರು ಒಪ್ಪಿದಾರೆ."

"ಹುಡುಗ್ರಿಗೆ ಮಾತು ಕೊಟ್ಟಿದೀನಲ್ಲ."

"ಮಾತನ್ನ ಮರದ ಹೊಟ್ಟಲ್ಲಿ ಹೂತಿಟ್ರೆ ಜುಲೈಲಿ ಕೆನೆ ತಣ್ಣಗಿರತ್ತಾ?"

ಅವಳು ಶಾಲು ಹೊದ್ದು ಕೊಳಕ್ಕೆ ಹೋದಳು. ಗೋಲು ಕಾಯುತ್ತಿದ್ದ ಡಡ್ಲಿ ಕೂಗಿದ:

"ಬನ್ನಿ ಅಮ್ಮಾ, ನಿಮ್ಮ ಕೋಳಿನೊಂದು ತಂದು ಇಲ್ಲಿ ನಿಲ್ಸಿ. ಆರಿನ್ ಹೊಡೆಯೋದನ್ನ ಅದೂ ತಡೆಯತ್ತೆ!"

"ಮುಚ್ಚೋ ಬಾಯಿ," ಎಂದು ನಗುತ್ತ ಆರಿನ್ ಜಾರಿಕೊಂಡು ದಡಕ್ಕೆ ಬಂದ.

"ಆರಿನ್, ನನ್ನ ಮಾತು ನಂಗೆ ವಾಪಸ್ ಕೊಡಪ್ಪ. ನಾಳೆ ಕೊಯ್ಯಬೇಕು."

ಅವನ ನಗು ಇಳಿಯಿತು. ಆ ಋತುವಿನಲ್ಲಿ ಒಂದು ಪಂದ್ಯ ಹಿಮಪಾತಕ್ಕೆ ನಿಂತಿತ್ತು, ಇನ್ನೊಂದು ಕರಗಿದ ಗಡ್ಡೆಗೆ. ಸ್ವಂತ ಊರಲ್ಲಿ ಒಂದಾದರೂ ಆಡದಿದ್ದರೆ ತಂಡ ಮುಚ್ಚುತ್ತೇವೆಂದು ಕಾಲೇಜಿನ ಹಿರಿಯರು ಹೇಳಿಯಾಗಿತ್ತು.

"ಶನಿವಾರ ಆಡ್ಲಿಲ್ಲ ಅಂದ್ರೆ ತಂಡಾನೇ ಇರಲ್ಲ ಅಮ್ಮಾ. ಇಷ್ಟು ದಿನ ಹಿಮ ಎತ್ತಿಲ್ವಾ ನಾವು?"

"ಎತ್ತಿದೀರಿ."

"ಕೊಟ್ಟ ಮಾತಲ್ವಾ?"

"ಕೊಟ್ಟ ಮಾತೇ," ಎಂದವಳು ಗರಗಸದವರಿಗೆ ಬೇಡವೆನ್ನಲು ಮನೆಯ ಕಡೆ ತಿರುಗಿದಳು.

ಆರಿನ್ ಕೂಡ ಒಕ್ಕಲು ಮನೆಯವನೇ. ಆ ಗಾಳಿ ಏನು ತರುತ್ತದೆಂದು ಅವನಿಗೂ ಗೊತ್ತಿತ್ತು. ಅವನು ಮೋಡ ನೋಡಲಿಲ್ಲ.

ಶುಕ್ರವಾರ ಹಿಡಿದ ಮಳೆ ಶನಿವಾರವೂ ಬಿಡಲಿಲ್ಲ. ರೈಲಿನಿಂದಿಳಿದ ಎದುರಾಳಿಗಳು ಉದ್ದ ಕೋಟುಗಳಲ್ಲಿ ದಡದ ಮೇಲೆ ಸಾಲಾಗಿ ನಿಂತರು. ಅವರ ನಾಯಕ ಗಡ್ಡೆಯ ಮೇಲೆ ನಿಂತ ನೀರಿಗೆ ಕೋಲನ್ನು ಅದ್ದಿ ನೋಡಿದ.

"ಸ್ಕೇಟು ತಂದಿದೀವಪ್ಪಾ, ದೋಣಿ ಮರೆತು ಬಂದ್ವಿ."

ಅವನ ಕಡೆಯವರು ನಕ್ಕರು. ಬಂದ ರೈಲಿಗೇ ವಾಪಸಾದರು. ವಾರದೊಳಗೆ ಕಾಲೇಜಿನ ಹಿರಿಯರು ಆರಿನ್‌ನ ತಂಡವನ್ನು ಮುಚ್ಚಿದರು.

ಕೊಳದ ಗಡ್ಡೆ ಬೂದಿಬಣ್ಣಕ್ಕೆ ತಿರುಗಿ, ಜೇನುಹುಟ್ಟಿನಂತೆ ತೂತುಬಿದ್ದು, ಗರಗಸಕ್ಕೆ ಪುಡಿಯಾಗತೊಡಗಿತು. ಆಮೇಲೆ ಚಳಿ ಮರಳಿತಾದರೂ ಜೊತೆಗೇ ಹಿಮ ಬಿತ್ತು, ಎತ್ತುವ ಕೈಗಳಿರಲಿಲ್ಲ. ಮತ್ತೆ ಸರದಿ ಸಿಗದೆ ಈಬನ್ ಒಬ್ಬನೇ ಕೊಯ್ದ ತೆಳು ಗಡ್ಡೆ ಹೊಟ್ಟಿನಡಿಯಲ್ಲಿ ಜೂನ್ ಮುಗಿಯುವುದರೊಳಗೆ ನೀರಾಯಿತು.

ಹುಲ್ಲು ಕೊಯ್ಲಿನ ಕಾಲಕ್ಕೆ ಆರಿನ್ ಉದ್ದ ಹಿಡಿಯ ಕುಡುಗೋಲು ಹೆಗಲಿಗೇರಿಸಿಕೊಂಡು ಬಂದ. ಬೆಣ್ಣೆ ಮಾಡುವವರು ಹುಳಿಯೆಂದು ಹಿಂದೆ ಕಳಿಸಿದ್ದ ಕೆನೆಯನ್ನು ಲವೀನಾ ಹಂದಿಗಳ ತೊಟ್ಟಿಗೆ ಸುರಿಯುತ್ತಿದ್ದಳು. ಕೊಟ್ಟಿಗೆಯಲ್ಲಿ ಅರ್ಧ ಗೂಟಗಳು ಖಾಲಿಯಿದ್ದವು.

"ನಿಮ್ಮ ಹುಲ್ಲು ಕೊಯ್ದುಕೊಡ್ತೀನಿ ಅಮ್ಮಾ. ಮುಯ್ಯಿ ತೀರಿಸ್ಬೇಕು."

"ಯಾವ ಮುಯ್ಯಿ?"

"ಕೊಳದ್ದು."

"ನೀವು ಹಿಮ ಎತ್ತಿದ್ರಿ, ನಾನು ಕೊಳ ಬಿಟ್ಟೆ. ಅಲ್ಲಿಗೆ ಚುಕ್ತಾ ಆಯ್ತಲ್ಲಪ್ಪ."

"ಹಂಗಲ್ಲ ಅಮ್ಮಾ. ನನ್ನಿಂದ ನಿಮ್ಗೆ..."

"ನೀನು ಅವತ್ತು ಕೇಳಿದ್ದೂ ಇದೇ ಲೆಕ್ಕ. ನಾನು ಒಪ್ಪಿದ್ದೂ ಇದನ್ನೇ."

ಆರಿನ್ ಅಲ್ಲಾಡಲಿಲ್ಲ. ಹೊಲದಿಂದ ಬಂದ ಈಬನ್ ಅವನ ಕುಡುಗೋಲನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದ.

"ಮಾರಿ ಉಳಿದಿರೋ ನಾಲ್ಕು ಹಸುಗೆ ಎಷ್ಟು ಹುಲ್ಲು ಬೇಕು ಮಾರಾಯಾ? ನಾವೇ ಕೊಯ್ಕೋತೀವಿ. ನಡಿ."

ಲವೀನಾ ಕೆನೆಯ ಕ್ಯಾನನ್ನು ಕೊನೆಯ ಹನಿಯವರೆಗೂ ಬಗ್ಗಿಸಿ, ತೊಳೆಯಲೆಂದು ಬಾವಿಯ ಕಡೆ ನಡೆದಳು.