ದೊಡ್ಡಪ್ಪನ ಗಂಟಲು

ಇನ್ನೊಂದು ತೊಟ್ಟು ಬಿದ್ದರೆ ಸಾಕು ಎಂದು ಅವನು ಬಾಟಲಿ ಹಿಂಡಿದ. ಅರ್ಧ ಬಾಟಲಿಯೇ ಸುರಿಯಿತು. ಎಣ್ಣೆ ಗೇಟಿನ ಕೀಲಿನ ಸಂದಿಗೆ ಇಳಿಯಿತು, ಅಲ್ಲಿಂದ ಅವನ ಬೆರಳಿಗೆ, ಬೆರಳಿಂದ ಅಂಗಿಯ ತೋಳಿಗೆ. ಅತ್ತೆಯ ಹೊಲಿಗೆ ಮೆಷಿನ್ನಿನ ಎಣ್ಣೆ. ಕೇಳದೆ ತಂದದ್ದು.

ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವ ಮನುಷ್ಯ ಬೆಳಗ್ಗೆ ಬೆಳಗ್ಗೆ ಕಳ್ಳನ ಹಾಗೆ ಗೇಟಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದನೆಂದರೆ ಸುಮ್ಮನೆ ಅಲ್ಲ. ಆ ಗೇಟು ಅಂತಿಂಥ ಗೇಟಲ್ಲ. ಅದು ತೆರೆದರೆ ಮೂರು ಬೀದಿಯ ಕೂಸುಗಳು ತೊಟ್ಟಿಲಲ್ಲೇ ಎದ್ದು ನಿಲ್ಲುತ್ತಿದ್ದವು. ಕೆಳಗಿನ ಮನೆಯ ನಿವೃತ್ತರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಕಾಗೆಗಳು ಊರು ಬಿಟ್ಟುಹೋಗಿ, ಆಚೆ ಊರಲ್ಲಿ ವಿಚಾರಿಸಿ, ಸಂಜೆಗೆ ವಾಪಸು ಬರುತ್ತಿದ್ದವು. ಅವನು ಹೋದ, ಅವನು ಬಂದ ಎಂದು ಗೇಟು ಇಡೀ ಕಟ್ಟಡಕ್ಕೆ ಡಂಗುರ ಹೊಡೆಯುತ್ತಿತ್ತು. ಡಂಗುರ ಹೊಡೆಸುವಂಥದ್ದು ತನ್ನಲ್ಲಿ ಏನೂ ಇಲ್ಲ ಎಂಬುದೇ ಅವನ ಸಂಕಟ.

ಅದರ ಮೇಲೆ ಅತ್ತೆ ಬೇರೆ. ಸಂಜೆ ಗೇಟು ಅರಚಿದ್ದೇ ತಡ, ಮಹಡಿಯಿಂದ ಒಂದು ಕೂಗು: "ಬಂದ್ರು ಕಣೇ ಮಹಾರಾಜ್ರು! ಆನೆ ಎಲ್ಲಿ ಕಟ್ಬೇಕು ಅಂತ ಕೇಳು!"

ಅವನು ಗೇಟು ತಳ್ಳಿ ನೋಡಿದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಒಂದು ಕಿರಕ್ ಇಲ್ಲ. ಕಾಗೆಗಳು ಕೂತಲ್ಲೇ ಕೂತಿದ್ದವು. ಅವನು ಬೀದಿಗಿಳಿದ. ಯಾರಿಗೂ ಗೊತ್ತಾಗಲಿಲ್ಲ. ಇಷ್ಟು ಖುಷಿ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಮಧ್ಯಾಹ್ನ, ತರಗತಿಯ ನಡುವೆ ಫೋನು ಬಡಿದುಕೊಂಡಿತು. ಅವನು ಹೊರಗೆ ಹೋದ. ಹುಡುಗರು ಅದನ್ನು ಗಮನಿಸಲಿಲ್ಲ. ಅವನು ಒಳಗಿದ್ದದ್ದನ್ನೂ ಗಮನಿಸಿರಲಿಲ್ಲ.

"ಸರ್, ಕೂತಿದೀರಾ ನಿಂತಿದೀರಾ?" ಹಲ್ಲಿನ ಡಾಕ್ಟರು. ಅಭಿಮಾನಿ ಸಂಘದ ಅಧ್ಯಕ್ಷರು.

"ನಿಂತಿದೀನಿ."

"ಕೂತ್ಕೊಳ್ಳಿ."

ಅವನಿಗೆ ಬಾಯಿ ಅಂತ ಇದ್ದದ್ದು ಈ ಸಂಘದಲ್ಲಿ ಮಾತ್ರ. ಕೆರೆಯೊಳಗಿಂದ ಬೆಟ್ಟದಷ್ಟು ಮೃಗವೊಂದು ಎದ್ದುಬಂದು ಊರನ್ನೇ ಕಡಲೆಕಾಯಿಯಂತೆ ಸುಲಿದು ತಿನ್ನುವ ಹಳೇ ಸಿನಿಮಾ ಒಂದಿತ್ತು. ರಬ್ಬರಿನ ಮೈ, ನಡೆದರೆ ಮೊಣಕಾಲ ಹತ್ತಿರ ಮಡಿಕೆ ಬೀಳುವ ಚರ್ಮ. ಅಭಿಮಾನಿಗಳು ಆ ಮೃಗವನ್ನು ಪ್ರೀತಿಯಿಂದ ದೊಡ್ಡಪ್ಪ ಎನ್ನುತ್ತಿದ್ದರು. ಈಗ ಅದನ್ನು ಮತ್ತೆ ಹೊಸದಾಗಿ ತೆಗೆಯುತ್ತಾರೆ ಎಂದು ಸುದ್ದಿ ಬಂದಾಗಿನಿಂದ ಸಂಘದಲ್ಲಿ ಯಾರಿಗೂ ಅನ್ನ ಸೇರುತ್ತಿರಲಿಲ್ಲ. ದೊಡ್ಡಪ್ಪನ ಹಲ್ಲು ಬೆಳ್ಳಗೆ ಮಾಡಿಬಿಡುತ್ತಾರೆ ಎಂದು ಡಾಕ್ಟರ ಕೊರಗು. ದೊಡ್ಡಪ್ಪನಿಗೂ ಬಾಲ್ಯದಲ್ಲಿ ಕಷ್ಟವಿತ್ತು ಅಂತ ಕತೆ ಕಟ್ಟಿ ಅಳಿಸುತ್ತಾರಂತೆ ಎಂದು ಬ್ಯೂಟಿಪಾರ್ಲರಿನಾಕೆಯ ದಿಗಿಲು. ಸಂಘದ ಕಾರ್ಯದರ್ಶಿಯಾದ ಅವನು ಮಾತ್ರ ಪ್ರತಿ ಸಭೆಯಲ್ಲೂ ಎದ್ದು ನಿಂತು ಒಂದೇ ಮಾತು ಹೇಳುತ್ತಿದ್ದ: ಮೈ ಹೋದರೆ ಹೋಗಲಿ, ಗರ್ಜನೆ ಉಳಿಯಬೇಕು. ಚಪ್ಪಾಳೆ ಬೀಳುತ್ತಿತ್ತು.

"ಹಳೇ ಸಿನಿಮಾಕ್ಕೆ ಸೌಂಡ್ ಮಾಡಿದ್ರಲ್ಲ, ಅವರು ಸಿಕ್ಕಿದ್ರು ಸರ್! ಇನ್ನೂ ಇದಾರೆ! ಗರ್ಜನೆ ಯಾವ್ದು ಅಂತೀರಾ? ಹುಲಿ ಅಲ್ಲ, ಆನೆ ಅಲ್ಲ. ಒಂದು ಕಬ್ಬಿಣದ ಗೇಟು! ಅದರ ಸದ್ದನ್ನೇ ನಿಧಾನಕ್ಕೆ ಓಡಿಸಿದಾರೆ, ಅಷ್ಟೇ!"

"ಓ."

"ಹಳೇ ಸ್ಟುಡಿಯೋ ಹಿಂದಿನ ಬೀದಿ, ಮೂಲೆ ಕಟ್ಟಡ, ಹಸಿರು ಗೇಟು. ಸರ್, ಅದು ನಿಮ್ಮನೇದು!"

ಅವನು ಈಗ ಕೂತ.

"ಹಳೇ ಟೇಪು ಬೂಷ್ಟು ಹಿಡಿದುಹೋಗಿದೆ. ಸಿನಿಮಾದಲ್ಲಿರೋದ್ರ ಮೇಲೆಲ್ಲ ಜನ ಕಿರುಚಿದಾರೆ. ಅಸಲಿ ಸದ್ದು ಇವತ್ತು ತಂದ್ಕೊಟ್ರೆ ಅದನ್ನೇ ಹಾಕ್ತೀನಿ ಅಂದಿದಾರೆ ಹೊಸ ಡೈರೆಕ್ಟ್ರು. ಇಲ್ದಿದ್ರೆ ದೊಡ್ಡಪ್ಪಂಗೆ ಕಂಪ್ಯೂಟರ್ ಗಂಟಲು. ಸಂಜೆ ಎಲ್ಲರೂ ಬರ್ತಿದೀವಿ. ಗೇಟು ಹುಷಾರು ಸರ್!"

"ಹೂಂ."

ಎಂಟು ವರ್ಷದವನಿದ್ದಾಗ ಟಾಕೀಸಿನ ಕತ್ತಲೆಯಲ್ಲಿ ಆ ಗರ್ಜನೆ ಕೇಳಿ ಅವನು ಅತ್ತಿದ್ದ. ಹೆದರಿ ಅಲ್ಲ. ತಾನೂ ಒಂದು ದಿನ ಹಾಗೆ ಬರಬೇಕು, ಬರುವುದು ಲೋಕಕ್ಕೆಲ್ಲ ಕೇಳಬೇಕು ಅನಿಸಿ. ಈ ಮನೆಗೆ ಬಂದಾಗಿನಿಂದ ದಿನಕ್ಕೆರಡು ಸಲ ಹಾಗೇ ಬಂದಿದ್ದ, ಹೋಗಿದ್ದ. ತರ್ಕ ಓದಿದ ತಲೆಗೆ ಹೊಳೆದಿರಲಿಲ್ಲ.

ಅವನು ತರಗತಿಗೆ ವಾಪಸು ಹೋಗಲಿಲ್ಲ. ಮೂಲೆ ಅಂಗಡಿಯಲ್ಲಿ, "ಎಣ್ಣೆ ಬಿಡಿಸೋ ಸೋಪು ಕೊಡಿ" ಅಂದ.

ಅಂಗಡಿಯವನು ಅವನ ತಲೆ ನೋಡಿದ. ಇದ್ದ ನಾಲ್ಕು ಕೂದಲಿಗೆ ಇಷ್ಟು ಉಪಚಾರವೇ ಎಂಬಂತೆ ಗುಲಾಬಿ ಪರಿಮಳದ ಮೈಸೋಪು ಕೊಟ್ಟ.

ಅತ್ತೆ ಮಲಗುವ ಹೊತ್ತು. ಹೆಂಡತಿ ಒಳಗೆಲ್ಲೋ. ಅವನು ನಲ್ಲಿಯ ನೀರು ಹಿಡಿದು ತಂದು, ಮದುವೆ ಗಂಡಿಗೆ ಮೈ ತಿಕ್ಕುವಂತೆ ಗೇಟಿನ ಕೀಲು ತಿಕ್ಕಿದ. ನೊರೆ ಬೀದಿಗೆ ಹರಿಯಿತು. ಗೇಟು ತಳ್ಳಿದ. ಬೆಳಗ್ಗೆಯಾದರೂ ಉಸ್ ಎನ್ನುತ್ತಿತ್ತೋ ಏನೋ. ಈಗ ಅದೂ ಇಲ್ಲ. ಮಣ್ಣು ಹಾಕಿದ, ನುಂಗಿತು. ಮರಳು ಹಾಕಿದ, ಅದನ್ನೂ ನುಂಗಿತು. ಒದ್ದ. ಗೇಟು ಒಳ್ಳೆಯ ಸೊಸೆಯ ಹಾಗೆ ಬಾಯಿ ಮುಚ್ಚಿಕೊಂಡು ಅತ್ತ ಹೋಗಿ ಇತ್ತ ಬಂತು.

ಸಂಜೆ ಅಭಿಮಾನಿಗಳು ಬಂದರು. ದಿಬ್ಬಣದಂತೆ ಬರುತ್ತಾರೆಂದುಕೊಂಡಿದ್ದ; ಸಾವಿನ ಮನೆಗೆ ಬಂದಂತೆ ಪಿಸುಗುಟ್ಟುತ್ತ ಬಂದರು. ನಡುವೆ ಸೌಂಡಿನ ಅಜ್ಜ. ಎಷ್ಟು ಮುದಿಯೆಂದರೆ, ಗಾಳಿ ಬಂದರೆ ಹಿಡಿದುಕೊಳ್ಳಲೆಂದೇ ಇಬ್ಬರಿದ್ದರು. ಡಾಕ್ಟರು ಒಂದು ಕೋಲಿನ ತುದಿಗೆ ಮೈಕು ಕಟ್ಟಿಕೊಂಡು ಬಂದಿದ್ದರು.

"ಯಾರೂ ಉಸಿರು ಬಿಡಬಾರದು," ಅಂದರು ಅಜ್ಜ.

ಯಾರೂ ಬಿಡಲಿಲ್ಲ.

"ತಳ್ಳಪ್ಪಾ."

ಕಾರ್ಯದರ್ಶಿಯಲ್ಲವೆ, ಮನೆಯವನಲ್ಲವೆ, ಆ ಗೌರವ ಅವನಿಗೇ. ಅವನು ತಳ್ಳಿದ. ಗೇಟು ತೆರೆಯಿತು. ಮುಚ್ಚಿದ. ಮುಚ್ಚಿಕೊಂಡಿತು.

"ನಿಧಾನಕ್ಕೆ," ಅಂದರು ಡಾಕ್ಟರು.

ನಿಧಾನಕ್ಕೆ ತಳ್ಳಿದ.

"ಜೋರಾಗಿ ಸರ್, ಜೋರಾಗಿ," ಅಂದಳು ಬ್ಯೂಟಿಪಾರ್ಲರಿನಾಕೆ.

ಮೈಕಿಗೆ ಸಿಕ್ಕಿದ್ದು ಪಕ್ಕದ ಬೀದಿಯ ಒಂದು ನಾಯಿ, ಡಾಕ್ಟರ ಹೊಟ್ಟೆಯ ಗುಡುಗುಡು. ಅಜ್ಜ ಬಗ್ಗಿದರು. ಇಬ್ಬರು ಹಿಡಿದುಕೊಂಡರು. ಕೀಲಿನ ಹತ್ತಿರ ಮೂಗಿಟ್ಟರು.

"ದೊಡ್ಡಪ್ಪಂಗೆ ಯಾರೋ ಎಣ್ಣೆ ಸ್ನಾನ ಮಾಡಿಸಿದಾರೆ."

"ಪಿತೂರಿ!" ಡಾಕ್ಟರ ಉಸಿರು ಈಗ ಬಿತ್ತು. "ಇದು ಹೊಸ ಸಿನಿಮಾದೋರ ಪಿತೂರಿ! ಅಸಲಿ ಗರ್ಜನೆ ಅಳಿಸಿಬಿಟ್ರೆ ಕಂಪ್ಯೂಟರ್‌ದೇ ಗತಿ ಅಂತ! ಅಲ್ವಾ ಸರ್?"

"ಇರಬಹುದು," ಅಂದ ಅವನು.

"ಖಂಡಿಸಿ ಒಂದು ಹೇಳಿಕೆ ಬರೀರಿ ಸರ್. ಕಟುವಾಗಿ! ಇದನ್ನ ಮಾಡಿದೋನಿಗೆ ಎದೇಲಿ ಏನೂ ಇಲ್ಲ, ಬರೀ ಟೊಳ್ಳು ಅಂತ ಬರೀರಿ!"

"ಬರೀತೀನಿ."

"ಅವನು ಮನುಷ್ಯನೇ ಅಲ್ಲ ಅಂತ್ಲೂ ಹಾಕಿ," ಅಂದಳು ಬ್ಯೂಟಿಪಾರ್ಲರಿನಾಕೆ, ಮೂಗು ಒರೆಸಿಕೊಳ್ಳುತ್ತ.

"ಹಾಕ್ತೀನಿ."

ಹೊರಡುವಾಗ ಅಜ್ಜ ಅವನ ಕೈ ಹಿಡಿದುಕೊಂಡರು. ಬಿಟ್ಟಮೇಲೆ ತಮ್ಮ ಅಂಗೈಯನ್ನು ಮೂಗಿನ ಹತ್ತಿರ ಒಯ್ದರು. ಗುಲಾಬಿ. ಅವನ ಮುಖ ನೋಡಿದರು. ಬೈಯುತ್ತಾರೆ ಎಂದು ಅವನು ಕಾದ. ಬೈದಿದ್ದರೆ ಹಗುರಾಗುತ್ತಿತ್ತು.

"ಒಳ್ಳೇ ಸೋಪು," ಅಂದು ಅಜ್ಜ ಹೊರಟರು.

ಬೀದಿ ತಿರುವಿನಿಂದಲೇ ಡಾಕ್ಟರು ಫೋನು ಮಾಡಿದರು: ಹೇಳಿಕೆಯಲ್ಲಿ 'ನೀಚ' ಎಂಬ ಪದ ಇರಲಿ. ಅವನು ಆಯಿತೆಂದು ಹೇಳಿ, ಫೋನು ಆಫ್ ಮಾಡಿ ಮೆಟ್ಟಿಲು ಹತ್ತಿದ.

ಬಾಗಿಲು ಓರೆಯಾಗಿತ್ತು. ಅತ್ತೆ ಟಿವಿಯ ಮುಂದೆ, ಅವನಿಗೆ ಬೆನ್ನು ಹಾಕಿ. ಹೆಂಡತಿ ಅಡುಗೆಮನೆಯಲ್ಲಿ ತಂಗಿಯ ಜೊತೆ ಫೋನಿನಲ್ಲಿ, ಅವಳದೂ ಬೆನ್ನೇ. ಒಲೆಯ ಮೇಲೆ ಹಾಲಿನ ಪಾತ್ರೆ. ಒಲೆ ಹಚ್ಚಿರಲಿಲ್ಲ.

"ಇಲ್ಲ ಕಣೇ, ಇವ್ರಿನ್ನೂ ಬಂದಿಲ್ಲ. ಬಂದಿದ್ರೆ ಗೇಟು ಕೇಳಿಸ್ತಿತ್ತಲ್ಲ. ಗೇಟು ಕೂಗಿದ್ ತಕ್ಷಣ ನಾನು ಒಲೆ ಹಚ್ಚೋದು. ಅವ್ರು ಚಪ್ಪಲಿ ಬಿಡೋಷ್ಟರಲ್ಲಿ ಕಾಫಿ ರೆಡಿ."

ಬಂದಿದೀನಿ ಎನ್ನಬೇಕು. ಅಷ್ಟೇ. ಒಂದು ಮಾತು. ಹೊಸ್ತಿಲ ಮೇಲೆ ನಿಂತು ಅವನು ಆ ಮಾತನ್ನು ಹುಡುಕಿದ.

"ಬೇಜಾರಾ? ಬೇಜಾರೇನು ಬಂತು. ಆ ಗೇಟು ಕೂಗಿದ್ರೇನೇ ಕಣೇ ನಂಗೆ ಸಂಜೆ ಆಯ್ತು ಅನ್ಸೋದು."

ಅವನು ಹಿಂದೆ ಹಿಂದೆ ಹೆಜ್ಜೆ ಇಟ್ಟು ಹೊರಗೆ ಬಂದ. ಕೆಳಗಿಳಿದ. ಬೀದಿಗೆ ಹೋದ. ಮತ್ತೆ ಬಂದ. ಗೇಟನ್ನು ಎರಡೂ ಕೈಯಲ್ಲಿ ಹಿಡಿದು, ಇಡೀ ಮೈಯ ಭಾರ ಹಾಕಿ ಎಳೆದ. ತೆರೆಯಿತು, ಮುಚ್ಚಿತು, ತೆರೆಯಿತು.

ಮೇಲೆ ಬಾಲ್ಕನಿಯಲ್ಲಿ ಅತ್ತೆ ಬಂದು ನಿಂತರು. ಹಿಂದೆಯೇ ಹೆಂಡತಿ. ಇಬ್ಬರೂ ಬೀದಿಯ ತುದಿಯ ಕಡೆ ನೋಡುತ್ತಿದ್ದರು. ಅವನು ನೇರ ಅವರ ಕಾಲ ಕೆಳಗೇ ಇದ್ದ.

"ಎಲ್ಲಿ ಹೋದ್ರೇ ನಿನ್ ಗಂಡ? ಲೋಕದ ಆನೆಗಳೆಲ್ಲ ಮನೆ ಸೇರಿದ್ವು."

"ಫೋನೂ ಆಫ್ ಆಗಿದೆ ಅಮ್ಮ."

"ಬಾರದೆ ಎಲ್ಲಿಗ್ ಹೋಗ್ತಾರೆ ಬಿಡು. ಬಂದ್ರೆ ಕೇಳಿಸುತ್ತೆ."

ಅವನು ಗೇಟನ್ನು ಹಿಡಿದುಕೊಂಡೇ ಕುತ್ತಿಗೆ ಮೇಲೆತ್ತಿದ. ಕಾಲು ಅಗಲಿಸಿ ನಿಂತ. ಬಾಯಿ ತೆರೆದ. ಡಾಕ್ಟರು ಇದ್ದಿದ್ದರೆ ಕೊನೆಯ ದವಡೆ ಹಲ್ಲಿನವರೆಗೂ ಎಣಿಸಬಹುದಿತ್ತು, ಅಷ್ಟು ಅಗಲಕ್ಕೆ. ಗಂಟಲಿನ ನರ ಉಬ್ಬಿತು, ಕಣ್ಣು ಹೊರಬಂತು. ಗೇಟಿನ ಸರಳಿನ ಮೇಲೆ ಒಂದು ಕಾಗೆ ಕೂತಿತ್ತು. ತಲೆ ಓರೆ ಮಾಡಿ ಅದು ಆ ಬಾಯಿಯೊಳಗೆ ಇಣುಕಿ ನೋಡಿತು, ಏನೂ ಕಾಣದೆ, ಹಾಗೇ ಕೂತುಕೊಂಡಿತು.