ಮಗಳನ್ನು ಒಂದು ಮಾತು ಕೇಳಿ

ಸಂಜೆಯಾದರೆ ಟೈಲರಮ್ಮನ ಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತು ಟಿವಿ ಸದ್ದು ಶುರುವಾಗುತ್ತಿತ್ತು. ಹಳೇ ಕಾಲದ ಕಥೆಯ ಧಾರಾವಾಹಿ. ಪಲ್ಲಕ್ಕಿ, ದೀಪದ ಕಂಬ, ದೊಡ್ಡ ಮನೆಯ ಹಠಮಾರಿ ಹುಡುಗಿ. ಓಣಿಯ ಹೆಂಗಸರೆಲ್ಲ ಬಂದು ಕೂರುತ್ತಿದ್ದರು. ಟಿವಿಗೆ ಅಂಟಿಕೊಂಡ ಹಾಗೆ ಕೂರುತ್ತಿದ್ದವಳು ಟೈಲರಮ್ಮನ ದೊಡ್ಡ ಮಗಳು. ಗಂಡನ ಏಟಿಗೆ ಅವಳ ಎಡಗಿವಿ ಕಿವುಡಾಗಿತ್ತು. ತವರಿಗೆ ಬಂದ ಮೇಲೆ ಮಾತೂ ಅಷ್ಟಕ್ಕಷ್ಟೇ.

ಆ ದಿನ ಧಾರಾವಾಹಿಯ ಹುಡುಗಿ ತನ್ನ ಮದುವೆ ಗೊತ್ತುಮಾಡಹೊರಟ ಅಪ್ಪನ ಎದುರು ನಿಂತಳು. "ಪ್ರೀತಿ ಆಮೇಲೆ ತಾನಾಗೇ ಹುಟ್ಟುತ್ತೆ ಅಂತೀರಿ. ಹುಟ್ಟದೇ ಹೋದರೆ ಆ ಮನೆಯಲ್ಲಿ ಬೇಯೋಳು ನಾನು. ನನ್ನನ್ನ ಕೇಳದೆ ಮಾತು ಕೊಡಬೇಡಿ."

"ಎಷ್ಟು ಸರಿಯಾಗಿ ಹೇಳಿದ್ಲು ನೋಡ್ರೇ!" ಟೈಲರಮ್ಮ ಕೈಯಲ್ಲಿದ್ದ ಬಟ್ಟೆಯ ತುಂಡಿನಿಂದಲೇ ಕಣ್ಣೊರೆಸಿಕೊಂಡಳು.

ಯೂನಿಫಾರ್ಮ್ ಸಡಿಲ ಮಾಡಿಸಲು ಬಂದಿದ್ದ ಪಕ್ಕದ ಮನೆ ನರ್ಸಮ್ಮ ಕೇಳಿದಳು, "ನಿಮ್ಮ ಚಿಕ್ಕ ಮಗಳ ಮದುವೆ ಗೊತ್ತು ಮಾಡಿದ್ರಂತೆ. ಅವಳನ್ನ ಕೇಳಿದ್ರಾ ಅಕ್ಕಾ?"

"ಅವಳನ್ನೇನು ಕೇಳೋದು? ಹುಡುಗನಿಗೆ ಕೆಲಸ ಇದೆ, ಮನೆ ಇದೆ. ನನ್ನನ್ನ ಯಾರು ಕೇಳಿದ್ರು? ನಾನು ಬಾಳಲಿಲ್ವಾ?"

"ಟಿವಿ ಹುಡುಗಿಗೆ ಕಣ್ಣೀರು ಹಾಕಿದ್ರಿ. ಮನೆ ಹುಡುಗಿಗೆ ಒಂದು ಮಾತೂ ಇಲ್ವಾ?"

"ಅದು ಕಥೆ ಕಣಮ್ಮ, ಇದು ಸಂಸಾರ. ಸುಮ್ಮನಿದ್ದಾಳೆ ಅಂದ್ರೆ ಒಪ್ಪಿದ್ದಾಳೆ ಅಂತಲೇ ಅರ್ಥ."

"ನಾನೂ ಸುಮ್ಮನಿದ್ದೆ" ಅಂದಳು ದೊಡ್ಡ ಮಗಳು.

ಎಲ್ಲರೂ ತಿರುಗಿ ನೋಡಿದರು.

"ಅವನನ್ನ ನೋಡಿದ ದಿನವೇ ನನಗೆ ಭಯ ಆಗಿತ್ತಮ್ಮ."

"ಆಗಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೇ ನಿನಗೆ?"

"ಆ ಟಿವಿ ಹುಡುಗಿಗೆ ಮಾತು ಬರೆದುಕೊಡೋರು ಇದ್ದಾರೆ. ನನಗೆ ಯಾರಿದ್ರು? ಜನ ಏನಂತಾರೆ ಅಂತ ನೀನೂ ಅಪ್ಪನೂ ನನ್ನ ಬಾಯಿ ಮುಚ್ಚಿಸಿದ್ರಿ."

ಟೈಲರಮ್ಮ ಎದ್ದು ಒಳಗೆ ಹೋದಳು. ಚಿಕ್ಕವಳು ಅಂಗಿಗೆ ಗುಂಡಿ ಹಾಕುತ್ತಿದ್ದಳು. "ನಿನಗೆ ಈ ಸಂಬಂಧ ಇಷ್ಟಾನೇನೇ?"

ಹುಡುಗಿ ಬಿಕ್ಕಿದಳು. "ಮದುವೇನೇ ಬೇಡ ಅಂತಲ್ಲಮ್ಮ. ಒಂದ್ಸಲ ಆ ಹುಡುಗನ ಹತ್ರ ಕೂತು ಮಾತಾಡ್ಬೇಕು. ಅಕ್ಕನ್ನ ನೋಡಿದಾಗೆಲ್ಲ ನನಗೂ ಹಾಗಾದ್ರೆ ಅಂತ ಭಯ ಆಗುತ್ತೆ."

"ಎಲ್ಲರಿಗೂ ಹೇಳಿಯಾಗಿದೆ, ಮುಖ ಎಲ್ಲಿ ಇಟ್ಕೊಳ್ಳಲಿ?" ಅಂತ ರಾತ್ರಿ ವಿಷಯ ತಿಳಿದ ಅಪ್ಪ ರೇಗಿದ. ಆಮೇಲೆ ದೊಡ್ಡವಳ ಕಡೆ ನೋಡಿ ತಲೆ ತಗ್ಗಿಸಿದ. ಮರುದಿನ ತಾನೇ ಹೋಗಿ, ಮಗಳು ಹುಡುಗನ ಹತ್ತಿರ ಒಮ್ಮೆ ಮಾತಾಡಬೇಕಂತೆ ಎಂದು ಗಂಡಿನ ಮನೆಯವರಿಗೆ ಹೇಳಿದ.

"ಈಗಲೇ ಮಾತಾಡ್ಬೇಕು ಅನ್ನೋಳು ನಾಳೆ ಎದುರುತ್ತರ ಕೊಡ್ತಾಳೆ. ಇಂಥ ಹುಡುಗಿ ನಮಗೆ ಬೇಡ" ಅಂದಳು ಗಂಡಿನ ತಾಯಿ. ಸಂಬಂಧ ಮುರಿಯಿತು.

ಓಣಿಯ ಬಾಯಿ ಸುಮ್ಮನಿರಲಿಲ್ಲ. ಟಿವಿ ನೋಡಲು ಬರುವವರು ಕಡಿಮೆಯಾದರು, ಹೊಲಿಗೆಗೆ ಬರುವವರೂ. ಚಿಕ್ಕವಳು ಮಾತ್ರ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ಟೈಲರಮ್ಮ ದೊಡ್ಡ ಮಗಳ ಬಲಗಿವಿಯ ಕಡೆ ಕೂತು, "ನಿನ್ನನ್ನ ಕೇಳಲಿಲ್ವಲ್ಲೇ ನಾನು" ಅಂದಳು.

"ಅವಳನ್ನಾದ್ರೂ ಕೇಳಿದೆಯಲ್ಲ ಅಮ್ಮ" ಅಂದ ಮಗಳು ತಾಯಿಯ ಮುಖ ನೋಡಲಿಲ್ಲ.

ಅಪ್ಪಂದಿರೇ, ಅಮ್ಮಂದಿರೇ, ಸಂಬಂಧ ಕುದುರಿಸುವ ಹಿರಿಯರೇ, ಮಾತು ಕೊಡುವ ಮೊದಲು ಮಗಳನ್ನು ಕೂರಿಸಿಕೊಂಡು ಕೇಳಿ. ಬೇಡ ಅನ್ನಲು ಧೈರ್ಯ ಕೊಟ್ಟು ಕೇಳಿ. ಅವಳು ಬೇಡ ಅಂದರೆ ಅಲ್ಲಿಗೇ ನಿಲ್ಲಿಸಿ. ನಾಲ್ಕು ಜನ ನಾಲ್ಕು ದಿನ ಆಡಿಕೊಂಡಾರು. ಬಾಳಬೇಕಾದವಳು ಅವಳು.