ಹವಾಲ್ದಾರರ ಮನೆಯ ಮಾರ್ಟರ್ ಗುಂಡು

ನಾನು ಒಂದು ಮಾರ್ಟರ್ ಗುಂಡು. ಮೊಳಕ್ಕಿಂತ ಸ್ವಲ್ಪ ಗಿಡ್ಡ, ಹೊಟ್ಟೆ ದಪ್ಪ, ಹಿಂದೆ ಮೀನಿನ ಹಾಗೆ ಬಾಲ. ಗಡಿಯಾಚೆಯ ಯಾವುದೋ ಕಾರ್ಖಾನೆಯಲ್ಲಿ ನನ್ನನ್ನು ಎರಕ ಹೊಯ್ದು, ಹೊಟ್ಟೆಗೆ ಮದ್ದು ತುಂಬಿ, ಮೂತಿಯೊಳಗೆ ಒಂದು ಸೂಜಿ ಇಟ್ಟರು. ನೆಲಕ್ಕೆ ಬಿದ್ದೊಡನೆ ಸೂಜಿ ಚುಚ್ಚಬೇಕು, ನಾನು ಸಿಡಿಯಬೇಕು. ನಾನು ಹುಟ್ಟಿದ್ದೇ ಅಷ್ಟಕ್ಕೆ. ಅದೊಂದು ಕೆಲಸವೂ ನನ್ನಿಂದ ನೆಟ್ಟಗೆ ಆಗಲಿಲ್ಲ.

ಎಪ್ಪತ್ತೊಂದರ ಯುದ್ಧದಲ್ಲಿ ನಾನು ಬಿದ್ದದ್ದು ಒಂದು ಕಂದಕದ ಕೆಸರಿನಲ್ಲಿ, ಬೆಳಗಾವಿ ಸೀಮೆಯ ಸಿಪಾಯಿ ಸಿದ್ಲಿಂಗಪ್ಪ ಮುತ್ನಾಳರ ಮೊಣಕಾಲಿನ ಪಕ್ಕದಲ್ಲಿ. ಸೂಜಿ ಓರೆಯಾಗಿ ಸಿಕ್ಕಿಕೊಂಡಿತು. ಅವರು ಉಸಿರು ಬಿಗಿಹಿಡಿದು ಕೂತರು. ಏನೂ ಆಗಲಿಲ್ಲ. ಯುದ್ಧ ಮುಗಿದ ಮೇಲೆ ಮೇಲಿನವರ ಕಣ್ಣು ತಪ್ಪಿಸಿ, ನನ್ನನ್ನು ಕಂಬಳಿಯಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟು ಊರಿಗೆ ತಂದರು. ಜೀವ ಉಳಿಸಿದ ದೇವರೆಂದು ಎಲ್ಲರಿಗೂ ಹೇಳಿದರು. ದೇವರಂತೆ! ಕೆಟ್ಟುಹೋದ ಸೂಜಿಗೆ ಇಂಥ ಹೆಸರು.

ಅವರ ಸೀಮೆಯಲ್ಲಿ ಖಂಡೇನವಮಿಯ ದಿನ ಮನೆಯ ಆಯುಧಗಳಿಗೆಲ್ಲ ಪೂಜೆ. ಕುಡಗೋಲು, ಕೊಡಲಿಗಳ ನಡುವೆ ನನಗೂ ಒಂದು ಮಣೆ. ಹವಾಲ್ದಾರರಾಗಿ ನಿವೃತ್ತರಾದ ಮೇಲೂ ಸಿದ್ಲಿಂಗಪ್ಪನವರು ನನ್ನ ಪೂಜೆಯನ್ನು ಬೇರೆಯವರಿಗೆ ಬಿಡಲಿಲ್ಲ. ಮನೆಮಂದಿಯನ್ನೆಲ್ಲ ಅಂಗಳಕ್ಕೆ ಕಳಿಸಿ, ಒಬ್ಬರೇ ಒಳಗೆ ಕೂತು ನನ್ನ ಮೈಗೆ ವಿಭೂತಿ ಹಚ್ಚುತ್ತಿದ್ದರು. ಕರ್ಪೂರ ಹಚ್ಚುತ್ತಿರಲಿಲ್ಲ. ಎಂಥ ಮಡಿ ನೋಡಿ ಎಂದು ಓಣಿಯವರು ಹೊಗಳುತ್ತಿದ್ದರು. ನನ್ನ ಮೂತಿಯ ಹತ್ತಿರ ಬಂದೊಡನೆ ಆ ಬೆರಳುಗಳು ಹಿಂದೆ ಸರಿಯುತ್ತಿದ್ದದ್ದು ನನಗೊಬ್ಬನಿಗೇ ಗೊತ್ತು.

ಅವರು ತೀರಿಕೊಂಡ ಮೇಲೆ ನಾನು ಮಗಳು ಕಸ್ತೂರವ್ವನ ಪಾಲಿಗೆ ಬಂದೆ. ಹೊಲ ಮನೆ ಅಣ್ಣಂದಿರಿಗೆ ಹೋಯಿತು. ಅವಳು ಕೇಳಿದ್ದು ಅಪ್ಪನ ಮೆಡಲ್ಲು, ಟೋಪಿ, ಮತ್ತು ನನ್ನನ್ನು. ಆ ಸಲದ ಖಂಡೇನವಮಿಗೆ ಕರ್ಪೂರವನ್ನು ನನ್ನ ಮೂತಿಗೇ ತಾಗಿಸಿ ಹಚ್ಚಿದಳು. ಮೂತಿ ಕಾದಾಗ ನನ್ನ ಹೊಟ್ಟೆಯೊಳಗಿನದ್ದು ನೆನಪಾಗಿ ಜೀವ ಹಾರಿಹೋಯಿತು. ಅವಳ ಮುಖ ಎಷ್ಟು ಹತ್ತಿರವಿತ್ತು. ಹೇಳೋಣವೆಂದರೆ ನನಗೆ ಬಾಯಿಲ್ಲ.

ಅಪ್ಪನ ಮೊದಲ ಪುಣ್ಯಸ್ಮರಣೆಗೆಂದು ಅವಳು ತನ್ನ ಮನೆಯ ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿದಳು. ಒಂದು ಕಡೆ ಮೆಡಲ್ಲು, ಇನ್ನೊಂದು ಕಡೆ ಟೋಪಿ, ನಡುವೆ ನಾನು. ಆದರೆ ನಾನು ಉರುಳುತ್ತಿದ್ದೆ. ಬಡಗಿ ರುದ್ರಪ್ಪ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದ.

"ಹೊಟ್ಟಿಗೆ ಒಂದು ತೂತ ಹೊಡದು ಸ್ಕ್ರೂ ಹಾಕಿದ್ರ ಅಲ್ಲಾಡೂದಿಲ್ರೀ ಅಕ್ಕಾರ."

"ಹಾಕು. ಅಪ್ಪನ ವಸ್ತು ನೆಟ್ಟಗ ಕುಂದರಬೇಕು."

ಡ್ರಿಲ್ ಮಶೀನಿನ ಮೊನೆ ನನ್ನ ಬಣ್ಣ ಕೆರೆಯತೊಡಗಿತು. ಅಷ್ಟರಲ್ಲಿ ಅವಳ ಚಿಕ್ಕಪ್ಪನ ಮಗ ಅಡಿವೆಪ್ಪ ಬಾಗಿಲಿಗೆ ಬಂದು ಬೂಟು ಬಿಚ್ಚುತ್ತಿದ್ದ. ಸೈನ್ಯದಲ್ಲಿ ಸುಬೇದಾರ, ಪುಣ್ಯಸ್ಮರಣೆಗೆಂದು ರಜೆಯ ಮೇಲೆ ಬಂದಿದ್ದ. ನನ್ನನ್ನು ಕಂಡವನೇ ಒಂದೇ ಬೂಟಿನಲ್ಲಿ ಒಳಗೆ ಬಂದ.

"ರುದ್ರಪ್ಪಾ, ಮಶೀನ್ ಬಂದ್ ಮಾಡು. ಸಾವಕಾಶ ಕೈ ತಗಿ." ಆಮೇಲೆ ಅವಳ ಕಡೆ ತಿರುಗಿದ. "ಅಕ್ಕಾ, ಇದು ಇನ್ನೂ ಸಿಡೀತೈತಿ. ಪೊಲೀಸರಿಗೆ ತಿಳಸೂನು."

"ಅವರು ಒಯ್ದರ ತಿರುಗಿ ಕೊಡ್ತಾರೇನ? ಐವತ್ತ ವರ್ಷ ಸುಮ್ಮನಿದ್ದದ್ದು ಇವತ್ತ ಸಿಡೀತದೇನ? ಅದಕ್ಕ ನಮ್ಮ ಅಪ್ಪನ ಮ್ಯಾಲೆ ಕರುಣಾ ಇತ್ತು."

ನನಗೆ ಎಲ್ಲಿಲ್ಲದ ನಾಚಿಕೆಯಾಯಿತು.

"ದೊಡ್ಡಪ್ಪ ಪೂಜಿ ಮಾಡುವಾಗ ನೀ ಎಲ್ಲಿರ್ತಿದ್ದಿ?" ಅಡಿವೆಪ್ಪ ಮೆಲ್ಲಗೆ ಕೇಳಿದ.

"ಅಂಗಳದಾಗ. ನಮ್ಮನ್ನೆಲ್ಲ ಹೊರಗ..."

ಅವಳ ಕಣ್ಣು ನನ್ನ ಮೂತಿಯ ಮೇಲಿನ ಕರ್ಪೂರದ ಮಸಿಗೆ ಹೋಯಿತು. ನೆಲದ ಮೇಲೆ ಕೂತಳು.

"ಅಪ್ಪಗ ಗೊತ್ತಿತ್ತು," ಅಂದಳು. "ಗೊತ್ತಿದ್ದೂ ಬಿಡಾಕ ಆಗಲಿಲ್ಲ ಅವಗ. ಫೋನ್ ಮಾಡು ತಮ್ಮಾ."

ಬಾಂಬು ನಿಷ್ಕ್ರಿಯ ದಳದವರು ಬಂದರು. ಓಣಿ ಖಾಲಿ ಮಾಡಿಸಿ, ಮರಳು ತುಂಬಿದ ಡಬ್ಬಿಯಲ್ಲಿ ನನ್ನನ್ನು ಮಲಗಿಸಿ ಊರಾಚೆಯ ಬಯಲಿಗೆ ತಂದರು. ಗಾಜಿನ ಪೆಟ್ಟಿಗೆಯಲ್ಲಿ ಈಗ ನಡುವಿನ ಜಾಗ ಖಾಲಿ. ಅಲ್ಲಿ ಏನನ್ನೂ ಇಡಬೇಡವೆಂದು ಅವಳು ರುದ್ರಪ್ಪನಿಗೆ ಹೇಳಿದ್ದು ಕೇಳಿಸಿತ್ತು.

ನಾನೀಗ ಗುಂಡಿಯಲ್ಲಿದ್ದೇನೆ. ದೂರದಿಂದ ಸಿಡಿಸಲೆಂದು ಮೈಗೆ ತಂತಿ ಕಟ್ಟಿದ್ದಾರೆ, ಸುತ್ತ ಮರಳಿನ ಚೀಲ ಒಟ್ಟಿದ್ದಾರೆ. ಕಸ್ತೂರವ್ವ ಗಾಡಿಯ ಹಿಂದೆಯೇ ಬಂದುಬಿಟ್ಟಿದ್ದಳು. ಸೀಟಿ ಊದಿದ ಕೂಡಲೇ ಎರಡೂ ಕಿವಿ ಮುಚ್ಚಿಕೊಳ್ಳಿ ಎಂದು ಅಧಿಕಾರಿ ಹೇಳಿದಾಗ ಅವಳು ತಲೆಯಾಡಿಸಿ ಒಲ್ಲೆನೆಂದಳು.

"ಅಪ್ಪಾ ಐವತ್ತ ವರ್ಷ ಈ ಸಪ್ಪಳಕ್ಕ ಅಂಜಿಕೊಂಡ ಕುಂತಿದ್ದಾನ್ರೀ. ಇವತ್ತಿಗೆ ಮುಗೀತು ಅಂತ ನಾನಾದ್ರೂ ಕೇಳಬೇಕು."

ಅವಳನ್ನು ದೂರದಲ್ಲಿ ಅಡ್ಡ ಕಟ್ಟಿದ್ದ ಹಗ್ಗದಾಚೆ ಕರೆದೊಯ್ದರು. ಅವಳಿಗಾಗಿಯಾದರೂ ನಾನು ಈ ಸಲ ಸಿಡಿಯಬೇಕು.